ಕುಡುಕನ ವಿರಹಗೀತೆಯನ್ನು ಕಟ್ಟುವವರು ಯಾರು?

ಪ್ರಶ್ನೆ: ನಾನು ಹವ್ಯಾಸಕ್ಕೆ ಭಾವಗೀತೆ ಬರೆಯುವವನು. ಕೆಲವು ತಿಂಗಳಿಂದ ಅಮೆರಿಕದ ಹಳ್ಳಿಹಾಡುಗಳಿಂದ ಬೆಳೆದ ಕಂಟ್ರಿ ಸಂಗೀತವನ್ನು ಕೇಳುತ್ತಿದ್ದೇನೆ. ಪ್ರೀತಿ ಮುರಿದುಬಿದ್ದವನು ಬಾರಿನಲ್ಲಿ ಕೂತು ಕುಡಿಯುವ ಹಾಡುಗಳು ಅದರಲ್ಲಿ ಲೆಕ್ಕವಿಲ್ಲದಷ್ಟಿವೆ. ಮಾತು ಸರಳ, ಮಟ್ಟೂ ಸರಳ. ಆದರೂ ಕೇಳಿದರೆ ಗಂಟಲು ಕಟ್ಟುತ್ತದೆ. ಅಂಥದ್ದನ್ನು ಕನ್ನಡದಲ್ಲಿ ಬರೆಯಹೋದರೆ ನನ್ನದು ಬರೀ ಗೋಳಾಟವಾಗುತ್ತದೆ. ನನ್ನ ಎರಡು ಸಾಲು ಹೀಗಿವೆ: ‘ಒಡೆದ ಎದೆಯ ನೋವಿಗಿಲ್ಲಿ ಮದಿರೆಯೊಂದೆ ಮದ್ದು / ಕಣ್ಣ ನೀರ ಕಡಲಿನಲ್ಲಿ ಮುಳುಗಿಹೋದೆನಿಂದು’. ಅವರು ಇಂಥ ಹಾಡನ್ನು ಹೇಗೆ ಕಟ್ಟುತ್ತಾರೆ? ಬರೆಯುವವರೂ ಹಾಡುವವರೂ ಅದನ್ನೆಲ್ಲ ನಿಜವಾಗಿಯೂ ಅನುಭವಿಸಿರುತ್ತಾರೆಯೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಅದಕ್ಕೇ ಜೋತುಬಿದ್ದಿದೆ. ಅನುಭವ ಬಹಳ ಮಂದಿಗೆ ಇರುತ್ತದೆ. ಕೆಲವರಿಗಂತೂ ಬೇಕಾದುದಕ್ಕಿಂತ ಹೆಚ್ಚೇ ಇರುತ್ತದೆ. ಆದರೆ ಹಾಡು ಕಟ್ಟುವ ಕೆಲಸ ಸಾಮಾನ್ಯವಾಗಿ ನಡೆಯುವುದು ಬಾರಿನಲ್ಲಲ್ಲ. ಟೆನ್ನೆಸೀ ರಾಜ್ಯದ ನ್ಯಾಶ್‌ವಿಲ್ ನಗರದಲ್ಲಿ ಮ್ಯೂಸಿಕ್ ರೋ ಎಂಬ ಪ್ರದೇಶವಿದೆ. ಅಲ್ಲಿನ 16 ಮತ್ತು 17ನೆಯ ಅವೆನ್ಯೂಗಳ ಉದ್ದಕ್ಕೂ ಹಾಡುಗಳ ಪ್ರಕಾಶನ ಸಂಸ್ಥೆಗಳೂ ಧ್ವನಿಮುದ್ರಣದ ಸ್ಟುಡಿಯೋಗಳೂ ನೆಲೆಯೂರಿವೆ. ಗೀತಕಾರರು ಬೆಳಗ್ಗೆ ಹತ್ತು ಹನ್ನೊಂದು ಗಂಟೆಗೆ, ವಾರಗಳ ಮೊದಲೇ ಗೊತ್ತುಮಾಡಿಕೊಂಡ ದಿನದಂದು, ಇಬ್ಬರೋ ಮೂವರೋ ಒಂದು ಕೋಣೆಯಲ್ಲಿ ಸೇರಿ, ತೊಡೆಯ ಮೇಲೆ ಗಿಟಾರು, ಮಗ್ಗುಲಲ್ಲಿ ಕಾಫಿ ಇಟ್ಟುಕೊಂಡು ಹಾಡು ಹೊಸೆಯುತ್ತಾರೆ. ಅದು ಅವರ ನೌಕರಿ. ಪ್ರಕಾಶಕರು ಮುಂದೆ ಬರಬಹುದಾದ ರಾಯಧನದ ಲೆಕ್ಕದಲ್ಲಿ ಅವರಿಗೆ ಮುಂಗಡ ಕೊಟ್ಟಿರುತ್ತಾರೆ. ಮಧ್ಯರಾತ್ರಿಯ ಬಾರು, ಖಾಲಿ ಗ್ಲಾಸು, ಮರಳಿ ಬಾರದ ಹೆಣ್ಣು, ಇವೆಲ್ಲವೂ ಹಗಲು ಹೊತ್ತಿನ ಇಂಥ ಕೋಣೆಗಳಲ್ಲೇ ಹುಟ್ಟುತ್ತವೆ. ನಮಗೆ ಇದರಲ್ಲಿ ಆಶ್ಚರ್ಯಪಡುವಂಥದ್ದೇನಿಲ್ಲ. ಕನ್ನಡದ ಅತ್ಯಂತ ಪ್ರಸಿದ್ಧ ಕುಡುಕನಾದ ಯೆಂಡ್ಕುಡ್ಕ ರತ್ನನ ಬಾಯಿಗೆ ಮಾತು ಕೊಟ್ಟ ಜಿ.ಪಿ. ರಾಜರತ್ನಂ ಅವರು ಹೆಂಡದ ಸಹವಾಸವಿಲ್ಲದ ಕನ್ನಡ ಮೇಷ್ಟ್ರಾಗಿದ್ದರು.

ಈ ಹಾಡುಗಳಿಗೆ ಬಾರು ಎಲ್ಲಿಂದ ಬಂತು ಎಂಬುದನ್ನು ತಿಳಿದರೆ ಅವುಗಳ ಸರಳತೆಯ ಕಾರಣವೂ ತಿಳಿಯುತ್ತದೆ. ಅಮೆರಿಕದಲ್ಲಿ ಪಾನನಿಷೇಧ ಕೊನೆಗೊಂಡದ್ದು 1933ರಲ್ಲಿ. ಆಮೇಲೆ ಟೆಕ್ಸಸ್ ಮತ್ತು ಅದರ ಸುತ್ತಿನ ಪ್ರದೇಶಗಳಲ್ಲಿ, ವಿಶೇಷವಾಗಿ ಎಣ್ಣೆಬಾವಿಗಳಿಗೆ ಕೂಲಿಗೆ ಬಂದವರು ತುಂಬಿದ ಊರುಗಳಲ್ಲಿ, ಹಾಂಕಿಟಾಂಕ್ ಎಂದು ಕರೆಯುವ ಕುಡಿತ ಕುಣಿತದ ಅಡ್ಡೆಗಳು ಎದ್ದವು. ಅದಕ್ಕಿಂತ ಮುಂಚಿನ ಹಳ್ಳಿಹಾಡುಗಳಲ್ಲಿ ಬಿಟ್ಟುಬಂದ ಬೆಟ್ಟದ ಮನೆ, ತಾಯಿ, ದೇವರು, ರೈಲು ಇದ್ದವು. ಈಗ ಊರು ಬಿಟ್ಟ ಗಂಡಸು, ಮುರಿದ ಸಂಸಾರ, ಪರಸ್ತ್ರೀ, ಪರಪುರುಷ, ಬಾಟಲಿ ಬಂದವು. ಅಡ್ಡೆಯ ಗದ್ದಲದಲ್ಲಿ ಕೇಳಿಸಬೇಕೆಂದು ಗಿಟಾರಿಗೆ ವಿದ್ಯುತ್ ಸೇರಿತು. ನಾಣ್ಯ ಹಾಕಿದರೆ ಹಾಡುವ ಜೂಕ್‌ಬಾಕ್ಸ್ ಮೂಲೆಯಲ್ಲಿ ಬಂದು ನಿಂತಿತು. ಅಂದಿನ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷ. ಅರ್ಧ ಕುಡಿದವನಿಗೆ, ಗಲಾಟೆಯ ನಡುವೆ, ಮೂರು ನಿಮಿಷದಲ್ಲಿ, ಒಂದೇ ಸಲಕ್ಕೆ ಅರ್ಥವಾಗಬೇಕು. ಜೊತೆಗೆ ಅವನು ಕುಣಿಯಲೂಬೇಕು. ರೂಪಕಗಳನ್ನು ಪೋಣಿಸಲು ಅಲ್ಲಿ ಜಾಗವಿರಲಿಲ್ಲ. 1956ರಲ್ಲಿ ರೇ ಪ್ರೈಸ್ ಅವರು ಹಾಡಿದ ‘ಕ್ರೇಜಿ ಆರ್ಮ್ಸ್’ ಪ್ರೀತಿಸಿದವಳನ್ನು ಕಳೆದುಕೊಂಡವನ ಅಳಲು, ಆದರೆ ಅದರ ನಡೆ ಮಾತ್ರ ಜೋಡಿಗಳು ಅಪ್ಪಿಕೊಂಡು ಕುಣಿಯುವ ತೂಗುನಡೆ. ಶೋಕದ ಮಾತಿಗೆ ಕುಣಿತದ ಲಯ ಕೊಡುವ ಈ ವಿಚಿತ್ರ ಜೋಡಣೆ ಇಂದಿಗೂ ಹೋಗಿಲ್ಲ.

‘ಕುಡಿದರು, ಆದ್ದರಿಂದ ಹಾಗೆ ಬರೆದರು’ ಎಂಬ ದಂತಕಥೆ ಬೆಳೆದದ್ದು ಮುಖ್ಯವಾಗಿ ಹ್ಯಾಂಕ್ ವಿಲಿಯಮ್ಸ್ ಅವರ ಸುತ್ತ. 1923ರಲ್ಲಿ ಅಲಬಾಮಾದಲ್ಲಿ ಹುಟ್ಟಿದ ಅವರನ್ನು ಕುಡಿತದ ಕಾರಣಕ್ಕೆ 1952ರ ಆಗಸ್ಟ್‌ನಲ್ಲಿ ಗ್ರ್ಯಾಂಡ್ ಓಲ್ ಆಪ್ರಿ ರೇಡಿಯೋ ಕಾರ್ಯಕ್ರಮದಿಂದ ಹೊರಹಾಕಲಾಯಿತು. 1953ರ ಜನವರಿ 1ರಂದು, ಕಾರ್ಯಕ್ರಮವೊಂದಕ್ಕೆ ಹೋಗುತ್ತಿದ್ದ ಕಾರಿನ ಹಿಂದಿನ ಸೀಟಿನಲ್ಲಿ, ಅವರು ತೀರಿಕೊಂಡಿದ್ದರು, ವಯಸ್ಸು 29. ಈ ಕಥೆಯಲ್ಲಿ ಜನ ಮರೆಯುವ ಹೆಸರು ಫ್ರೆಡ್ ರೋಸ್. ಅವರು ಹ್ಯಾಂಕ್ ಅವರ ಪ್ರಕಾಶಕರು, ಸ್ವತಃ ನುರಿತ ಗೀತಕಾರರು. ಹ್ಯಾಂಕ್ ತಂದ ಕರಡುಗಳನ್ನು ಕೂತು ತಿದ್ದಿ, ಸಾಲು ಕತ್ತರಿಸಿ, ಪಲ್ಲವಿ ಬಿಗಿಗೊಳಿಸಿ ಧ್ವನಿಮುದ್ರಣಕ್ಕೆ ಕಳಿಸುತ್ತಿದ್ದವರು ಅವರು. ಎಷ್ಟು ಸಾಲು ಯಾರದೆಂಬ ಚರ್ಚೆ ನನಗೆ ಮುಖ್ಯವಲ್ಲ. ಆ ಹಾಡುಗಳ ಹಿಂದೆ ಎಚ್ಚರವಿದ್ದ ಒಂದು ಜೊತೆ ಕಣ್ಣು ಇತ್ತು ಎಂಬುದು ಮುಖ್ಯ. ಹ್ಯಾಂಕ್ ಅವರ ಬಾಟಲಿಯನ್ನು ಅನುಕರಿಸಿ ಹಾಳಾದ ಗಾಯಕರು ಬಹಳ ಮಂದಿ. ರೋಸ್ ಅವರ ಪೆನ್ಸಿಲನ್ನು ಅನುಕರಿಸಿದವರು ಕಡಿಮೆ.

ಈಗ ಮಾತಿನ ಕಡೆಗೆ ಬರೋಣ. 1953ರಲ್ಲಿ ವೆಬ್ ಪಿಯರ್ಸ್ ಅವರು ಹಾಡಿದ ‘ದೇರ್ ಸ್ಟ್ಯಾಂಡ್ಸ್ ದ ಗ್ಲಾಸ್’ ಹನ್ನೆರಡು ವಾರ ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯ ಮೊದಲ ಸ್ಥಾನದಲ್ಲಿತ್ತು. ಕುಡಿತದ ಹಾಡೆಂದು ಕೆಲವು ರೇಡಿಯೋ ನಿಲಯಗಳು ಅದನ್ನು ಪ್ರಸಾರ ಮಾಡದೆ ಬಿಟ್ಟದ್ದೂ ಉಂಟು. ಹಾಡಿನಲ್ಲಿ ನಡೆಯುವುದೇನು? ಒಬ್ಬ ಮನುಷ್ಯ ತನ್ನ ಮುಂದಿರುವ ಗ್ಲಾಸನ್ನು ನೋಡುತ್ತಾನೆ, ಅಷ್ಟೇ. ಅದು ನೋವನ್ನು ಕಳೆಯುತ್ತದೆ, ತಲೆಯನ್ನು ತಹಬಂದಿಗೆ ತರುತ್ತದೆ ಎನ್ನುತ್ತಾನೆ. ಹಾಗೆ ಹೇಳುತ್ತಲೇ, ಇದು ಇವತ್ತಿನ ಮೊದಲನೆಯದು ಎಂದು ಸೇರಿಸುತ್ತಾನೆ. ಇಡೀ ಹಾಡಿನ ಮರ್ಮ ಆ ಒಂದು ಮಾತಿನಲ್ಲಿದೆ. ಯಾರೂ ಕೇಳದೆ ಲೆಕ್ಕ ಒಪ್ಪಿಸುವವನು ಎಂಥವನು? ನಿನ್ನೆ ಎಷ್ಟಾಗಿತ್ತು? ಇವತ್ತು ಇನ್ನೆಷ್ಟಾಗಲಿದೆ? ತಾನು ಕುಡುಕನೆಂದು ಅವನು ಹೇಳುವುದಿಲ್ಲ. ಕುಡುಕರು ಹೇಳುವಂಥ ಮಾತನ್ನು ಹೇಳುತ್ತಾನೆ. ಈ ಎರಡರ ನಡುವಿನ ಅಂತರವೇ ನಿಮ್ಮ ಎರಡು ಸಾಲುಗಳಿಗೂ ಆ ಹಾಡಿಗೂ ಇರುವ ಅಂತರ.

ಎರಡನೆಯದು, ಶೀರ್ಷಿಕೆಯ ತಿರುವು. ನ್ಯಾಶ್‌ವಿಲ್‌ನವರು ಇದನ್ನು ಹುಕ್ ಎನ್ನುತ್ತಾರೆ. ಕಿವಿಗೆ ಸಿಕ್ಕಿಹಾಕಿಕೊಳ್ಳುವ ಕೊಕ್ಕೆ. ಒಳ್ಳೆಯ ಕೊಕ್ಕೆ ಹೊಸ ಮಾತಲ್ಲ, ಎಲ್ಲರ ಬಾಯಲ್ಲೂ ಸವೆದ ನುಡಿಗಟ್ಟನ್ನು ಸ್ವಲ್ಪ ಹೊರಳಿಸಿ ನಿಲ್ಲಿಸಿದ್ದು. ಮರ್ಲ್ ಹ್ಯಾಗರ್ಡ್ ಅವರ 1966ರ ‘ದ ಬಾಟಲ್ ಲೆಟ್ ಮಿ ಡೌನ್’ ಇದಕ್ಕೆ ಪಾಠದಂತಿದೆ. ಪ್ರತಿ ರಾತ್ರಿ ಅವಳನ್ನು ಮರೆಸುತ್ತಿದ್ದ ಬಾಟಲಿ ಈ ರಾತ್ರಿ ಕೆಲಸ ಮಾಡಲಿಲ್ಲ ಎಂಬುದಷ್ಟೇ ಅದರ ಸಂಗತಿ. ಇದನ್ನು ಕನ್ನಡದಲ್ಲಿ ಹೇಳುವಾಗ ನನಗೆ ತೋಚುವ ಮಾತು ‘ಬಾಟಲಿಯೂ ಕೈಕೊಟ್ಟಿತು’ ಎಂಬುದು. ನಮ್ಮಲ್ಲಿ ‘ಕೈಕೊಟ್ಟಳು’ ಎಂದರೆ ಏನರ್ಥವೆಂದು ನಿಮಗೆ ಗೊತ್ತು. ಹುಡುಗಿಗೆ ಹೇಳುವ ಮಾತನ್ನು ಬಾಟಲಿಗೆ ಹೇಳಿದಾಗ, ಹುಡುಗಿಯ ಬಗ್ಗೆ ಒಂದಕ್ಷರ ಬರೆಯದೆ ಅವಳ ಕಥೆಯೂ ಹೇಳಿದಂತಾಯಿತು. ಆ ‘ಊ’ಕಾರವೇ ಸಾಕು. ಕನ್ನಡದಲ್ಲಿ ಇಂಥ ನುಡಿಗಟ್ಟುಗಳಿಗೆ ಬರಗಾಲವಿಲ್ಲ. ನಾವು ಭಾವಗೀತೆ ಬರೆಯಲು ಕೂತ ತಕ್ಷಣ ಅವುಗಳನ್ನು ಬಾಗಿಲ ಹೊರಗೆ ನಿಲ್ಲಿಸಿ, ಮದಿರೆ, ಕಂಬನಿ, ಕಡಲುಗಳನ್ನು ಒಳಗೆ ಕರೆಯುತ್ತೇವೆ.

ಬಾಟಲಿಯ ಆಚೆ ಬದಿಯಲ್ಲಿ ಕೂತವರ ಹಾಡುಗಳೂ ಇವೆ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಕುಡಿದು ಬಂದ ಗಂಡನಿಗೆ ಬಾಗಿಲು ತೆರೆಯುವ ಹೆಂಡತಿಯ ಮಾತನ್ನೇ ಹಾಡು ಮಾಡಿದ ಲೊರೆಟಾ ಲಿನ್ ಅವರಿಗೆ 1967ರಲ್ಲಿ ಮೊದಲ ಬಾರಿ ಪಟ್ಟಿಯ ಅಗ್ರಸ್ಥಾನ ದೊರೆಯಿತು. ಅಲ್ಲಿ ವಿರಹವೂ ಇಲ್ಲ, ಕಣ್ಣೀರೂ ಇಲ್ಲ. ಕುಡಿದು ಬಂದು ಸರಸಕ್ಕೆ ನಿಲ್ಲಬೇಡ ಎಂಬ ನೇರ ತಾಕೀತು. ಗಂಡಸರ ಅಳುಹಾಡುಗಳ ಮಧ್ಯೆ ಅದನ್ನು ಕೇಳಿದರೆ ಕೋಣೆಯ ಕಿಟಕಿ ತೆರೆದಂತಾಗುತ್ತದೆ.

ಹಾಡು ಕಟ್ಟುವ ಕ್ರಿಯೆಯನ್ನು ಆರಂಭದಿಂದ ಕೊನೆಯವರೆಗೆ ತೋರಿಸಲು ನಾನು ಆರಿಸುವುದು ಜಾರ್ಜ್ ಜೋನ್ಸ್ ಅವರ ‘ಹಿ ಸ್ಟಾಪ್ಡ್ ಲವಿಂಗ್ ಹರ್ ಟುಡೇ’ ಎಂಬ 1980ರ ಹಾಡನ್ನು. ಅವಳನ್ನು ಪ್ರೀತಿಸುವುದನ್ನು ಅವನು ಇಂದು ನಿಲ್ಲಿಸಿದ, ಎಂಬುದು ಶೀರ್ಷಿಕೆಯ ಅರ್ಥ. ವಿಚಿತ್ರವೆಂದರೆ ಹಾಡಿನೊಳಗೆ ಒಂದು ಹನಿ ಮದ್ಯವೂ ಇಲ್ಲ. ಇದ್ದದ್ದೆಲ್ಲ ಹಾಡುಗಾರರ ಒಳಗಿತ್ತು.

ಬರೆದವರು ಬಾಬಿ ಬ್ರಾಡಕ್ ಮತ್ತು ಕರ್ಲಿ ಪುಟ್ಮನ್. ಸಂಗತಿ ಇಷ್ಟೇ: ಸಾಯುವವರೆಗೂ ನಿನ್ನನ್ನು ಪ್ರೀತಿಸುತ್ತೇನೆ ಎಂದು ಒಬ್ಬ ಹೇಳಿದ್ದಾನೆ, ಕಾಲ ಕಳೆದಂತೆ ಮರೆಯುತ್ತೀ ಎಂದು ಅವಳು ಹೊರಟುಹೋಗಿದ್ದಾಳೆ. ಅವನು ಅವಳ ಚಿತ್ರವನ್ನು ಗೋಡೆಯಿಂದ ಇಳಿಸಿಲ್ಲ. ಹಾಸಿಗೆಯ ಬಳಿ 1962ರ ತಾರೀಖಿನ ಹಳೆಯ ಪತ್ರಗಳಿವೆ, ಅವುಗಳಲ್ಲಿ ಪ್ರೀತಿಯ ಮಾತು ಬಂದಲ್ಲೆಲ್ಲ ಅವನು ಕೆಂಪು ಗೆರೆ ಎಳೆದಿಟ್ಟಿದ್ದಾನೆ. ಇದನ್ನೆಲ್ಲ ಹೇಳುತ್ತಿರುವವನು ಅವನ ಗೆಳೆಯ. ಇವತ್ತು ನೋಡಲು ಹೋಗಿದ್ದೆ, ಅಳು ಇರಲಿಲ್ಲ, ಎಲ್ಲಿಗೋ ಹೊರಟವನಂತೆ ಒಳ್ಳೆಯ ಬಟ್ಟೆ ತೊಟ್ಟಿದ್ದ, ವರ್ಷಗಳ ಮೇಲೆ ಮೊದಲ ಸಲ ಮುಖದಲ್ಲಿ ನಗು ಇತ್ತು ಎನ್ನುತ್ತಾನೆ. ಕೇಳುವವನು, ಅಂತೂ ಪಾರಾದನಲ್ಲ ಎಂದುಕೊಳ್ಳುತ್ತಾನೆ. ಆಗ ಪಲ್ಲವಿ ಬರುತ್ತದೆ: ಪ್ರೀತಿಸುವುದನ್ನು ಇಂದು ನಿಲ್ಲಿಸಿದ, ಬಾಗಿಲಿಗೆ ಹೂವಿನ ಚಕ್ರ ಇಟ್ಟಿದ್ದಾರೆ, ಇನ್ನೇನು ಹೊತ್ತೊಯ್ಯುತ್ತಾರೆ. ಸತ್ತ ಎಂಬ ಮಾತು ಪಲ್ಲವಿಯಲ್ಲಿಲ್ಲ. ಸಾವು ಎಂಬ ಶಬ್ದ ಮೊದಲ ಸಾಲಿನ ಆಣೆಯಲ್ಲಿಯೇ ಬಂದುಹೋಗಿದೆ. ಪ್ರೇಮಿಗಳೆಲ್ಲ ಹೇಳುವ ಉತ್ಪ್ರೇಕ್ಷೆ ಎಂದು ನಾವು ಅದನ್ನು ಕಿವಿಯ ಮೇಲೆ ಹಾಕಿಕೊಂಡಿರಲಿಲ್ಲ. ಅವನು ನುಡಿದಂತೆ ನಡೆದ, ಅಷ್ಟೇ.

ಕೆಂಪು ಗೆರೆಯನ್ನು ಮತ್ತೊಮ್ಮೆ ಗಮನಿಸಿ. ಎದೆ ಒಡೆಯಿತು ಎಂದು ಬರೆಯಲು ಯಾರಿಗೂ ಕಷ್ಟವಿಲ್ಲ. ಒಬ್ಬ ನಡುವಯಸ್ಸಿನ ಮನುಷ್ಯ ಕೆಂಪು ಪೆನ್ನು ಹಿಡಿದು, ಶಾಲೆಯ ಮೇಷ್ಟ್ರು ಉತ್ತರಪತ್ರಿಕೆ ತಿದ್ದುವ ಹಾಗೆ, ಹಳೆಯ ಪ್ರೇಮಪತ್ರಕ್ಕೆ ಗೆರೆ ಎಳೆಯುತ್ತ ಕೂತಿದ್ದ ಎಂಬುದನ್ನು ಕಾಣುವುದು ಕಷ್ಟ. ಅದರಲ್ಲಿ ಒಂದು ಗುಲಗಂಜಿಯಷ್ಟು ನಗೆಪಾಟಲೂ ಇದೆ. ಆ ನಗೆಪಾಟಲಿನಿಂದಲೇ ಅವನು ನಂಬಲರ್ಹನಾಗುತ್ತಾನೆ.

ಹಾಡು ಇದೇ ರೂಪದಲ್ಲಿ ಹುಟ್ಟಲಿಲ್ಲ. ನಿರ್ಮಾಪಕ ಬಿಲ್ಲಿ ಶೆರಿಲ್ ಅವರು ಕರಡನ್ನು ಒಪ್ಪದೆ ಗೀತಕಾರರಿಂದ ಮತ್ತೆ ಮತ್ತೆ ಬರೆಯಿಸಿದರು. ಶವದ ಬಳಿಗೆ ಅವಳು ಬರಬೇಕು ಎಂಬುದು ಅವರ ಹಟ. ಹೀಗೆ ಸೇರಿದ್ದೇ ಹಾಡದೆ ಮಾತಿನಲ್ಲಿ ಹೇಳುವ ಭಾಗ: ಕೊನೆಯ ಸಲ ನೋಡಲು ಅವಳು ಬಂದಳು, ಬರುತ್ತಾಳೋ ಎಂದು ನಾವೆಲ್ಲ ಅಂದುಕೊಂಡಿದ್ದೆವು, ಈ ಸಲವಂತೂ ಅವನು ಅವಳನ್ನು ನಿಜವಾಗಿ ಮರೆತ. ನಮ್ಮ ನಾಟಕದ ಕಂದಗಳ ನಡುವೆ ನಟ ಹಾಡು ನಿಲ್ಲಿಸಿ ಮಾತಿಗೆ ಇಳಿದಾಗ ಸಭೆ ಹೇಗೆ ಮೌನವಾಗುತ್ತದೋ, ಇಲ್ಲಿಯೂ ಹಾಗೆಯೇ ಆಗುತ್ತದೆ.

ಆದರೆ ಆ ನಾಲ್ಕು ಮಾತುಗಳನ್ನು ಧ್ವನಿಮುದ್ರಿಸುವುದೇ ದೊಡ್ಡ ಸಾಹಸವಾಯಿತು. 1931ರಲ್ಲಿ ಟೆಕ್ಸಸ್‌ನಲ್ಲಿ ಹುಟ್ಟಿದ ಜೋನ್ಸ್ ಅವರು ಆಗ ತಮ್ಮ ಬದುಕಿನ ಅತ್ಯಂತ ಕೆಟ್ಟ ದಿನಗಳಲ್ಲಿದ್ದರು. ಗಾಯಕಿ ಟ್ಯಾಮಿ ವೈನೆಟ್ ಅವರೊಂದಿಗಿನ ದಾಂಪತ್ಯ 1975ರಲ್ಲಿ ಮುರಿದಿತ್ತು. ಕುಡಿತದ ಜೊತೆ ಕೊಕೇನ್ ಸೇರಿತ್ತು, ದಿವಾಳಿಯ ಅರ್ಜಿಯೂ ಆಗಿತ್ತು. ಒಪ್ಪಿಕೊಂಡ ಕಾರ್ಯಕ್ರಮಗಳಿಗೆ ಬಾರದೆ ‘ನೋ ಶೋ ಜೋನ್ಸ್’ ಎಂಬ ಅಡ್ಡಹೆಸರು ಪಡೆದಿದ್ದರು. ಸ್ಟುಡಿಯೋದಲ್ಲಿ ಅವರು ಈ ಹಾಡಿನ ಮಟ್ಟನ್ನು ಬಿಟ್ಟು, ಕ್ರಿಸ್ ಕ್ರಿಸ್ಟಾಫರ್ಸನ್ ಅವರ ಬೇರೊಂದು ಪ್ರಸಿದ್ಧ ಹಾಡಿನ ಮಟ್ಟಿಗೆ ಜಾರಿಹೋಗುತ್ತಿದ್ದರು. ಕುಡಿದಾಗಲೂ ಅವರಿಗೆ ಹಾಡಲು ಬರುತ್ತಿತ್ತು. ಮಾತನಾಡಲು ಹೋದರೆ ಮಾತ್ರ ನಾಲಗೆ ತೊದಲುತ್ತಿತ್ತು. ಮೊದಲ ಚರಣ ಮುದ್ರಿಸಿದ ದಿನಕ್ಕೂ ಮಾತಿನ ಭಾಗ ಸರಿಯಾಗಿ ದೊರೆತ ದಿನಕ್ಕೂ ನಡುವೆ ಸುಮಾರು ಹದಿನೆಂಟು ತಿಂಗಳು ಹಿಡಿಯಿತು ಎಂದು ಶೆರಿಲ್ ಹೇಳುತ್ತಿದ್ದರು. ಹಾಡು ತೀರಾ ಶೋಕದ್ದು, ಯಾರೂ ಕೊಳ್ಳುವುದಿಲ್ಲ ಎಂಬುದು ಜೋನ್ಸ್ ಅವರ ಖಚಿತ ಅಭಿಪ್ರಾಯವಾಗಿತ್ತು.

ಅದು 1980ರ ಏಪ್ರಿಲ್‌ನಲ್ಲಿ ಹೊರಬಂದು ಜುಲೈ ಹೊತ್ತಿಗೆ ಮೊದಲ ಸ್ಥಾನಕ್ಕೇರಿತು. ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ 1980 ಮತ್ತು 1981ರಲ್ಲಿ, ಸತತ ಎರಡು ವರ್ಷ, ಅದನ್ನೇ ವರ್ಷದ ಹಾಡೆಂದು ಆರಿಸಿತು. ಜೋನ್ಸ್ ಅವರಿಗೆ ಗ್ರ್ಯಾಮಿ ಪ್ರಶಸ್ತಿಯೂ ಬಂತು. ನಾಲ್ಕು ದಶಕಗಳ ವೃತ್ತಿಯನ್ನು ಮೂರು ನಿಮಿಷದ ಹಾಡೊಂದು ಉಳಿಸಿತು ಎಂದು ಅವರೇ ಆಮೇಲೆ ಒಪ್ಪಿಕೊಂಡರು. ಕುಡಿತ ಬಿಟ್ಟದ್ದು ಮಾತ್ರ ಬಹಳ ತಡವಾಗಿ, 1999ರ ಭೀಕರ ಕಾರು ಅಪಘಾತದ ನಂತರ. 2013ರಲ್ಲಿ ಅವರು ತೀರಿಕೊಂಡಾಗ ಆಪ್ರಿ ಸಭಾಂಗಣದ ಅಂತಿಮ ನಮನದಲ್ಲಿ ಆಲನ್ ಜ್ಯಾಕ್ಸನ್ ಇದೇ ಹಾಡನ್ನು ಹಾಡಿದರು.

ಹೀಗಾಗಿ ಕುಡಿತವೇ ಈ ಹಾಡನ್ನು ಕೊಟ್ಟಿತು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಹಾಡಿಗೆ ಒಂದೂವರೆ ವರ್ಷ ಅಡ್ಡಗಾಲು ಹಾಕಿ ನಿಂತದ್ದು ಅದೇ. ಜೋನ್ಸ್ ಅವರ ದನಿಯಲ್ಲಿ ಕಳೆದುಕೊಂಡವನ ತಿಳಿವಳಿಕೆ ಇದೆ, ನಿಜ. ಆದರೆ ಆ ತಿಳಿವಳಿಕೆ ಮಾತಾಗಿ ಹೊರಬರಲು ನಾಲಗೆ ನೆಟ್ಟಗಿರುವ ಒಂದು ದಿನ ಬೇಕಾಯಿತು.

ಇನ್ನೊಂದು ಹಾಡಿನ ಹುಟ್ಟು ಇದಕ್ಕೆ ಪೂರಕವಾಗಿದೆ. ಬ್ರ್ಯಾಡ್ ಪೇಸ್ಲಿ ಮತ್ತು ಆಲಿಸನ್ ಕ್ರಾಸ್ ಒಟ್ಟಿಗೆ ಹಾಡಿದ ‘ವಿಸ್ಕಿ ಲಲಬೈ’ 2003ರ ಆಲ್ಬಮ್ಮಿನಲ್ಲಿ ಬಂದು, 2005ರಲ್ಲಿ ವರ್ಷದ ಹಾಡೆಂಬ ಪ್ರಶಸ್ತಿ ಪಡೆಯಿತು. ಬರೆದವರಲ್ಲಿ ಒಬ್ಬರು ಬಿಲ್ ಆಂಡರ್ಸನ್. ಹತ್ತೊಂಬತ್ತರ ಹರೆಯದಲ್ಲಿ ಬರೆದ ಹಾಡಿನಿಂದ 1950ರ ದಶಕದಲ್ಲೇ ಹೆಸರಾದ ಹಿರಿಯರು. ಇನ್ನೊಬ್ಬರು ಅವರಿಗಿಂತ ಬಹಳ ಕಿರಿಯರಾದ ಜಾನ್ ರ್‍ಯಾಂಡಲ್. ವಿಚ್ಛೇದನವಾಗಿ, ಕೆಲಸ ಕೈತಪ್ಪಿ, ಕುಡಿತಕ್ಕೆ ಬಿದ್ದು, ಗೆಳೆಯರ ಮನೆಯ ಸೋಫಾದ ಮೇಲೆ ಮಲಗುತ್ತಿದ್ದ ದಿನಗಳಲ್ಲಿ ರ್‍ಯಾಂಡಲ್ ತಮ್ಮ ನಡತೆಗಾಗಿ ಮ್ಯಾನೇಜರ್ ಬಳಿ ಕ್ಷಮೆ ಕೇಳಿದರಂತೆ. ಆಗ ಆತ, ಪರವಾಗಿಲ್ಲ, ನಾನೂ ಕೆಲವು ಸಲ ಬಾಟಲಿಯನ್ನು ತಲೆಗಿಟ್ಟು ಟ್ರಿಗರ್ ಎಳೆದವನೇ ಎಂದರಂತೆ. ಬಂದೂಕಿಗೆ ಹೇಳುವ ಮಾತನ್ನು ಬಾಟಲಿಗೆ ಹೇಳಿದ್ದು. ಮತ್ತೆ ಅದೇ ಹೊರಳು. ಕುಡಿತ ಕೊಟ್ಟದ್ದು ಆ ಒಂದು ವಾಕ್ಯವನ್ನು, ಅದೂ ಬೇರೊಬ್ಬರ ಬಾಯಿಂದ. ಅದನ್ನು ಮರೆಯದೆ ಇಟ್ಟುಕೊಂಡು, ಹಿರಿಯ ಗೀತಕಾರರೊಬ್ಬರ ಎದುರು ಕೂತು, ಜೋಗುಳ ಎಂಬ ಮೆತ್ತನೆಯ ಶಬ್ದವನ್ನು ವಿಸ್ಕಿಯ ಪಕ್ಕ ಇಟ್ಟಾಗ ಹಾಡಾಯಿತು. ಅದರ ಮೊದಲ ಚರಣದಲ್ಲಿ ಗಂಡು ಕುಡಿದು ಸಾಯುತ್ತಾನೆ. ನನ್ನ ಮಟ್ಟಿಗೆ ಎರಡನೆಯ ಚರಣದಲ್ಲಿ ಹೆಣ್ಣೂ ಅದೇ ರೀತಿ ಕುಡಿದು ಸಾಯುವುದು ತೂಕ ಸರಿದೂಗಿಸಲು ಮಾಡಿದ್ದೆನಿಸುತ್ತದೆ. ಒಂದು ಸಾವಿನ ಭಾರವನ್ನು ಎರಡನೆಯದು ಹಗುರ ಮಾಡುತ್ತದೆ. ಕೇಳುಗರು ನನ್ನೊಂದಿಗೆ ಒಪ್ಪಲಿಲ್ಲ ಎಂಬುದು ಬೇರೆ ಮಾತು.

ಇನ್ನು ಸಂಗೀತ. ನ್ಯಾಶ್‌ವಿಲ್‌ನ ವಾದಕರು ಸ್ವರಲಿಪಿ ಮುಂದಿಟ್ಟುಕೊಂಡು ಕೂರುವುದು ಕಡಿಮೆ. ಅವರ ಮುಂದಿನ ಹಾಳೆಯಲ್ಲಿ 1, 4, 5 ಎಂಬಂಥ ಅಂಕಿಗಳಿರುತ್ತವೆ. 1950ರ ದಶಕದ ಕೊನೆಯಲ್ಲಿ ಜಾರ್ಡನೇರ್ಸ್ ಗಾಯಕವೃಂದದ ನೀಲ್ ಮ್ಯಾಥ್ಯೂಸ್ ರೂಪಿಸಿದ ಈ ಪದ್ಧತಿಯನ್ನು ವಾದಕ ಚಾರ್ಲಿ ಮೆಕಾಯ್ ಮುಂತಾದವರು ಹರಡಿದರು. ಜೋನ್ಸ್ ಅವರ ಹಾಡಿನಲ್ಲಿ ಕೇಳುವ ಹಾರ್ಮೋನಿಕಾ ಇದೇ ಮೆಕಾಯ್ ಅವರದು. ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ: ಗಾಯಕನ ಶ್ರುತಿ ಏರಲಿ ಇಳಿಯಲಿ, ಷಡ್ಜ ಷಡ್ಜವೇ, ಮಧ್ಯಮ ಮಧ್ಯಮವೇ. 1 ಎಂದರೆ ಷಡ್ಜದ ಮೇಲೆ ಕಟ್ಟಿದ ಸ್ವರಗುಚ್ಛ (ಒಟ್ಟಿಗೆ ನುಡಿಸುವ ಸ್ವರಗಳು, ಕಾರ್ಡ್), 4 ಮಧ್ಯಮದ್ದು, 5 ಪಂಚಮದ್ದು. ಈ ಮೂರರಲ್ಲೇ ಸಾವಿರಾರು ವಿರಹಗೀತೆಗಳು ಮುಗಿದುಹೋಗುತ್ತವೆ. ಮೂರು ಸ್ವರಗುಚ್ಛ ಮತ್ತು ಸತ್ಯ, ಕಂಟ್ರಿ ಹಾಡೆಂದರೆ ಇಷ್ಟೇ ಎಂದು ಗೀತಕಾರ ಹಾರ್ಲನ್ ಹವರ್ಡ್ ಹೇಳಿದ ಮಾತು ಗಾದೆಯಾಗಿಬಿಟ್ಟಿದೆ. ಸತ್ಯದ ಜೊತೆಗೆ ಕತ್ತರಿಯೂ ಬೇಕೆಂದು ನಾನು ಸೇರಿಸುತ್ತೇನೆ.

ಹಾಗಾದರೆ ಅಳುವುದು ಯಾರು? ವಾದ್ಯಗಳು. ನೀವು ಕೇಳಿದ ಹಾಡುಗಳಲ್ಲಿ ಮನುಷ್ಯನ ನರಳಿಕೆಯಂತೆ ಜಾರುವ ಒಂದು ನಾದವಿರುತ್ತದಲ್ಲ, ಅದು ಪೆಡಲ್ ಸ್ಟೀಲ್ ಗಿಟಾರ್. ಮೇಜಿನಂತೆ ಮಲಗಿಸಿದ ತಂತಿಗಳ ಮೇಲೆ ಎಡಗೈಯ ಉಕ್ಕಿನ ಸರಳು ಜಾರುತ್ತದೆ, ನಮ್ಮ ಗೋಟುವಾದ್ಯದ ಮೇಲೆ ಮರದ ತುಂಡು ಜಾರುವ ಹಾಗೆ. ಜೊತೆಗೆ ಕಾಲಿನ ಪೆಡಲು ಒತ್ತಿದರೆ, ಉಳಿದ ತಂತಿಗಳು ಇದ್ದಲ್ಲೇ ಇರುವಾಗ, ಒಂದೆರಡು ತಂತಿಗಳ ಶ್ರುತಿ ಮಾತ್ರ ಏರುತ್ತದೆ. ನಿಂತವರ ನಡುವೆ ಒಬ್ಬ ಮಾತ್ರ ಬಿಕ್ಕಿದಂತೆ ಕೇಳಿಸುವುದು ಇದರಿಂದಲೇ. ಈ ತಂತ್ರ ಮನೆಮಾತಾದದ್ದು 1954ರಲ್ಲಿ, ವೆಬ್ ಪಿಯರ್ಸ್ ಅವರದೇ ‘ಸ್ಲೋಲಿ’ ಎಂಬ ಹಾಡಿನಲ್ಲಿ ಬಡ್ ಐಸಾಕ್ಸ್ ಅದನ್ನು ನುಡಿಸಿದ ಮೇಲೆ. ಜೋನ್ಸ್ ಅವರ ಹಾಡಿನಲ್ಲಿ ಶೆರಿಲ್ ಈ ಕೆಲಸವನ್ನು ಪಿಟೀಲುಗಳ ಸಮೂಹಕ್ಕೂ, ಹಿನ್ನೆಲೆಯಲ್ಲಿ ಶಬ್ದವಿಲ್ಲದೆ ಮೇಲೇರುವ ಮಿಲ್ಲಿ ಕರ್ಕಮ್ ಅವರ ಹೆಣ್ಣುದನಿಗೂ ವಹಿಸಿದರು. ಗಾಯಕ ಸಮಾಚಾರ ಹೇಳುತ್ತಾನೆ, ಹಿನ್ನೆಲೆ ಶೋಕಿಸುತ್ತದೆ. ಮಾತೂ ವಾದ್ಯವೂ ಒಟ್ಟಿಗೆ ಅತ್ತರೆ ಕೇಳುವವನಿಗೆ ಅಳಲು ಏನೂ ಉಳಿಯುವುದಿಲ್ಲ. ನೀವು ಗೋಳಾಟ ಎಂದು ಕರೆದದ್ದು ಹೀಗೆಯೇ ಆಗುತ್ತದೆ.

ಈಗ ನಿಮ್ಮ ಸಾಲುಗಳು. ಪ್ರಾಸ, ಲಯ ಎರಡೂ ಸರಿಯಾಗಿವೆ, ತೊಂದರೆ ಅಲ್ಲಿಲ್ಲ. ‘ಮದಿರೆ’ಯನ್ನು ಯಾವ ಬಾರಿನಲ್ಲೂ ಯಾರೂ ಕೇಳುವುದಿಲ್ಲ, ಕ್ವಾರ್ಟರ್ ಕೇಳುತ್ತಾರೆ, ನೈಂಟಿ ಕೇಳುತ್ತಾರೆ. ‘ಕಣ್ಣ ನೀರ ಕಡಲು’ ಯಾರ ಕಣ್ಣೆಂದು ತಿಳಿಯುವುದಿಲ್ಲ. ಮಾತನಾಡುತ್ತಿರುವವನಿಗೆ ಊರಿಲ್ಲ, ಕಸುಬಿಲ್ಲ, ವಯಸ್ಸಿಲ್ಲ, ಎಷ್ಟು ಗಂಟೆಯೆಂದೂ ಗೊತ್ತಿಲ್ಲ. ಪೆನ್ನು ಎತ್ತುವ ಮೊದಲು ಇವಿಷ್ಟನ್ನೂ ನೀವು ತಿಳಿದಿರಬೇಕು, ಹಾಡಿನಲ್ಲಿ ಅವುಗಳಲ್ಲಿ ಒಂದೆರಡನ್ನಷ್ಟೇ ಬಿಟ್ಟುಕೊಡಬೇಕು.

ಉದಾಹರಣೆಗೆ ಒಂದನ್ನು ಸೂಚಿಸುತ್ತೇನೆ, ಹಿಡಿಸದಿದ್ದರೆ ಬಿಡಿ. ಬೇರೆಯಾದ ಗಂಡಹೆಂಡಿರು. ಮನೆಯಲ್ಲಿ ಅವಳಿದ್ದಾಳೆ, ಆದರೆ ಅಡುಗೆ ಅನಿಲದ ಸಂಪರ್ಕ ಇನ್ನೂ ಅವನ ಹೆಸರಿನಲ್ಲಿದೆ, ಮೊಬೈಲ್ ನಂಬರೂ ಅವನದೇ. ಅವನು ಬಾರಿನಲ್ಲಿ ಕೂತಿರುವಾಗ ಸಿಲಿಂಡರ್ ತಂದವನಿಗೆ ಕೊಡಬೇಕಾದ ಓಟಿಪಿ ಅವನ ಫೋನಿಗೆ ಬರುತ್ತದೆ. ಸಿಲಿಂಡರ್ ಮನೆಗೆ ಬರುವುದು ರಾತ್ರಿಯಲ್ಲ, ಬೆಳಗಿನ ಹನ್ನೊಂದು ಗಂಟೆಗೆ; ಅವನು ಎಷ್ಟು ಹೊತ್ತಿಗೆ ಬಾರಿನಲ್ಲಿ ಕೂತಿದ್ದಾನೆ ಎಂಬುದನ್ನು ನೀವು ಹೇಳದೆಯೇ ಹೇಳಿದಂತಾಯಿತು. ಕಳೆದ ಸಲ ಸಿಲಿಂಡರ್ ಬಂದು ಎಷ್ಟು ದಿನವಾಯಿತೆಂದು ಅವನು ಎಣಿಸಲಿ. ಒಬ್ಬಳಿಗೇ ಆದರೆ ಇಷ್ಟು ಬೇಗ ಮುಗಿಯಬಾರದಿತ್ತು ಎಂದು ಅವನಿಗೆ ಹೊಳೆಯಲಿ, ಆ ಹೊಳಹನ್ನು ಬಿಡಿಸಿ ಹೇಳದೆ ಮುಂದಿನ ಚರಣಕ್ಕೆ ಹೋಗಿ. ಆಮೇಲೆ ಅವನು ಅವಳಿಗೆ ಫೋನು ಮಾಡಲೇಬೇಕು, ನಾಲಗೆ ತೊದಲದಂತೆ ನೋಡಿಕೊಳ್ಳಬೇಕು. ಆ ಕರೆಯಲ್ಲಿ ಅವನು ಅಂಕಿಗಳನ್ನಷ್ಟೇ ಒಂದೊಂದಾಗಿ ಹೇಳಲಿ. ‘ಹೇಗಿದ್ದೀ’ ಎಂಬ ಮಾತನ್ನು ಚರಣಕ್ಕೂ ಕೊಡಬೇಡಿ, ಪಲ್ಲವಿಗೂ ಕೊಡಬೇಡಿ. ಅದನ್ನು ಪಿಟೀಲಿಗೆ ಬಿಡಿ.